ಗುಡಿ ಮುಂದಿನ ಕಟ್ಟೆಗೆ ಗ್ರಾನೈಟ್ ಹಾಕಿಸುವ ಮುನ್ನ

ಪ್ರಶ್ನೆ: ನಮ್ಮದು ರೋಣ ತಾಲ್ಲೂಕಿನ ಎರೆ ಭೂಮಿಯ ಊರು. ಹನುಮಪ್ಪನ ಗುಡಿ ಮುಂದೆ ದೊಡ್ಡ ಬೇವಿನ ಮರವಿದೆ, ಅದರ ಸುತ್ತ ಹಳೆಯ ಕಲ್ಲಿನ ಕಟ್ಟೆ. ಎರಡು ಕಡೆ ಕಲ್ಲು ಉಬ್ಬಿ ಬಾಯಿ ಬಿಟ್ಟಿವೆ. ಯುವಕ ಸಂಘದವರು ದೇಣಿಗೆ ಕೂಡಿಸಿದ್ದೇವೆ. ಗುತ್ತಿಗೆದಾರರು ಕೊಟ್ಟ ಪ್ಲಾನಿನಲ್ಲಿ ಕಟ್ಟೆಯನ್ನು 3 ಅಡಿಗೆ ಎತ್ತರಿಸುವುದು, ಒಳಗೆ ಮಣ್ಣು ತುಂಬುವುದು, ಮೇಲೆ ಪಾಲಿಶ್ ಗ್ರಾನೈಟ್, ಸುತ್ತಲೂ ಸ್ಟೀಲ್ ರೇಲಿಂಗ್, ಪಕ್ಕಕ್ಕೊಂದು ಪತ್ರಾಸಿನ ಶೆಡ್ ಇವೆ. ಆದರೆ ಪಕ್ಕದ ಊರಲ್ಲಿ ಹೀಗೇ ಮಾಡಿಸಿದ ಕಟ್ಟೆಯ ಮೇಲೆ ಯಾರೂ ಕೂರುತ್ತಿಲ್ಲ, ಅಲ್ಲಿನ ಬೇವಿನ ಮರವೂ ತುದಿಯಿಂದ ಒಣಗುತ್ತಿದೆ. ನಮ್ಮ ತಂದೆಯವರು, ‘ಹಳೇ ಕಟ್ಟಿ ಮ್ಯಾಲ ಕುಂತ್ರ ಏಳಬೇಕು ಅನ್ಸೂದಿಲ್ಲ, ಅವರ ಹೊಸ ಕಟ್ಟಿ ಮ್ಯಾಲ ಕುಂದ್ರಬೇಕು ಅನ್ಸೂದಿಲ್ಲ’ ಅನ್ನುತ್ತಾರೆ. ಗೌಂಡಿಗಳು ಮಾತ್ರ ಮರದ ಬೇರೇ ಕಟ್ಟೆ ಒಡೆದದ್ದು, ಬುಡಕ್ಕೆ ಸಿಮೆಂಟ್ ಹಾಕಿದರೆ ಗಟ್ಟಿಯಾಗುತ್ತದೆ ಎನ್ನುತ್ತಾರೆ. ದೇಣಿಗೆ ಕೊಟ್ಟವರ ಹೆಸರನ್ನು ಕಟ್ಟೆಯ ಮೇಲೆ ಕೆತ್ತಿಸಬೇಕೆಂದೂ ಇದೆ. ಏನು ಮಾಡೋಣ?

ಉತ್ತರ: ನಿಮ್ಮ ತಂದೆಯವರು ಹೇಳಿದ್ದು ಸರಿ, ಅದಕ್ಕೆ ಅಳತೆಯ ಲೆಕ್ಕದಲ್ಲೇ ಕಾರಣ ಸಿಗುತ್ತದೆ. ನಿಮ್ಮ ಚಿಂತೆ ಎರಡು: ದುಡ್ಡು ಹಾಕಿದ ಮೇಲೆ ಜನ ಕೂರದೆ ಹೋದರೆ ಏನು ಗತಿ, ಮತ್ತು ಮರ ಹೋದರೆ ಏನು ಗತಿ. ನನ್ನ ದೃಷ್ಟಿಯಲ್ಲಿ ಇವೆರಡೂ ಒಂದೇ. ಕಟ್ಟೆಯ ಮಾಡು ಆ ಮರವೇ. ಏಪ್ರಿಲ್ ತಿಂಗಳ ಮಧ್ಯಾಹ್ನ ಬೇವಿನ ನೆರಳಿಲ್ಲದ ಕಟ್ಟೆಗೆ ಎಂಥ ಕಲ್ಲು ಹಾಕಿಸಿದರೂ ಅಲ್ಲಿ ನಾಯಿ ಕೂಡ ಮಲಗುವುದಿಲ್ಲ.

ಮೊದಲು ಕೂರುವ ವಿಷಯ ನೋಡೋಣ. ನಾಳೆ ಬೆಳಿಗ್ಗೆ ಟೇಪು ಹಿಡಿದು ನಿಮ್ಮ ಹಳೆಯ ಕಟ್ಟೆಯ ಎತ್ತರವನ್ನು ನಾಲ್ಕು ಕಡೆ ಅಳೆಯಿರಿ. ನಮ್ಮ ಕಡೆಯ ಹಳೆಯ ಕಟ್ಟೆಗಳಲ್ಲಿ ಮೇಲ್ಮೈ ಮಟ್ಟವಾಗಿರುತ್ತದೆ, ನೆಲ ಇಳಿಜಾರಾಗಿರುತ್ತದೆ. ಹಾಗಾಗಿ ಒಂದು ತುದಿಯಲ್ಲಿ ಒಂದು ಅಡಿ, ಮಧ್ಯದಲ್ಲಿ ಒಂದೂವರೆ, ಇನ್ನೊಂದು ತುದಿಯಲ್ಲಿ ಎರಡೂವರೆ ಅಡಿ ಬರುತ್ತದೆ. ಮಂಡಿನೋವಿನ ಅಜ್ಜ ಒಂದು ಕಡೆ, ಸಣ್ಣ ಹುಡುಗರು ಒಂದು ಕಡೆ, ಕಾಲು ಇಳಿಬಿಟ್ಟು ಹರಟುವವರು ಇನ್ನೊಂದು ಕಡೆ ತಾವೇ ಜಾಗ ಹುಡುಕಿಕೊಂಡಿರುತ್ತಾರೆ. ಕಾಲು ನೆಲಕ್ಕೆ ಊರಿ ಕೂರಲು 16ರಿಂದ 18 ಇಂಚು ಎತ್ತರ ಬೇಕು. 3 ಅಡಿ ಅಂದರೆ 36 ಇಂಚು. ಅಷ್ಟು ಎತ್ತರದಲ್ಲಿ ಕಾಲು ತೂಗಾಡುತ್ತವೆ, ಕಲ್ಲಿನ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತದೆ, ಹತ್ತು ನಿಮಿಷಕ್ಕೆ ಜೋಮು ಹಿಡಿಯುತ್ತದೆ. ವಯಸ್ಸಾದವರಂತೂ ಹತ್ತುವುದೇ ಇಲ್ಲ.

ಅಗಲವೂ ಅಷ್ಟೇ ಮುಖ್ಯ. ಕಾಲು ಇಳಿಬಿಟ್ಟು ಕೂರಲು ಒಂದೂವರೆ ಅಡಿ ಸಾಕು, ಚಕ್ಕಳಮಕ್ಕಳ ಹಾಕಲು ಎರಡೂವರೆ ಅಡಿ ಬೇಕು, ಎರಡೂ ಬದಿಗೆ ಬೆನ್ನಿಗೆ ಬೆನ್ನು ಕೊಟ್ಟು ಕೂರಲು 3 ಅಡಿ ಇದ್ದರೆ ಒಳ್ಳೆಯದು. 1970ರ ದಶಕದಲ್ಲಿ ವಿಲಿಯಂ ವೈಟ್ ಎಂಬವರು ನ್ಯೂಯಾರ್ಕಿನ ಚೌಕಗಳಲ್ಲಿ ಜನ ಎಲ್ಲಿ ಕೂರುತ್ತಾರೆ ಎಂದು ಕ್ಯಾಮೆರಾ ಇಟ್ಟು ನೋಡಿದಾಗ, ಎರಡು ಬದಿಯ ಆಸನಕ್ಕೆ ಕಡಿಮೆಯೆಂದರೆ 30 ಇಂಚು, 36 ಆದರೆ ಉತ್ತಮ ಎಂಬ ಲೆಕ್ಕಕ್ಕೇ ಬಂದರು. ಊರು ಯಾವುದಾದರೂ ಕೂರುವವರ ಮೈಯಳತೆ ಹೆಚ್ಚು ಬದಲಾಗುವುದಿಲ್ಲ.

ಒಂದು ಕೆಲಸ ಮಾಡಿ. ಸಮಿತಿಯವರೆಲ್ಲ ಒಮ್ಮೆ ಗದಗಿನ ತ್ರಿಕೂಟೇಶ್ವರ ಗುಡಿಗೆ ಹೋಗಿ, ಮಂಟಪದ ಅಂಚಿನ ಕಕ್ಷಾಸನದ (ಬೆನ್ನೊರಗಿ ಕೂರುವ ಕಲ್ಲಿನ ಆಸನ) ಮೇಲೆ ಅರ್ಧ ಗಂಟೆ ಕೂತು ಬನ್ನಿ. ಕಲ್ಯಾಣ ಚಾಲುಕ್ಯರ ಕಾಲದ ಕೆಲಸ ಅದು. ಬೆನ್ನು ಕೊಡುವ ಹಾಸುಗಲ್ಲನ್ನು ನೆಟ್ಟಗೆ ನಿಲ್ಲಿಸದೆ ಹೊರಕ್ಕೆ ವಾಲಿಸಿದ್ದಾರೆ. ಬೆನ್ನು ಸಹಜವಾಗಿ ಹಿಂದಕ್ಕೆ ಒರಗುತ್ತದೆ, ಹೊರಗಿನಿಂದ ನೋಡುವವರಿಗೆ ಅದೇ ಕಲ್ಲು ಶಿಲ್ಪದ ಪಟ್ಟಿಯಾಗಿ ಕಾಣುತ್ತದೆ. ಮೇಲಿನ ಚಾಚನ್ನು ಕಡಿದಾಗಿ ಕೆಳಗೆ ಇಳಿಸಿದ್ದಾರೆ, ಹಾಗಾಗಿ ಇಳಿಬಿಸಿಲು ಕೂತವರ ಮುಖಕ್ಕೆ ಹೊಡೆಯುವುದು ತಪ್ಪುತ್ತದೆ. ಎತ್ತರ, ಒರಗು, ನೆರಳು ಮೂರನ್ನೂ ಕಲ್ಲಿನಲ್ಲೇ ಸಾಧಿಸಿದ ಆಸನ ನಿಮ್ಮ ಜಿಲ್ಲೆಯಲ್ಲೇ ಇದೆ. ಅಳತೆ ಬರೆದುಕೊಂಡು ಬನ್ನಿ, ಗುತ್ತಿಗೆದಾರರ ಜೊತೆ ಮಾತಾಡಲು ಬೇಕಾಗುತ್ತದೆ.

ಇನ್ನು ಗ್ರಾನೈಟ್. ‘ಒಮ್ಮೆ ಹಾಕಿದರೆ ಮತ್ತೆ ನೋಡಬೇಕಿಲ್ಲ’ ಎಂಬುದು ಅಡುಗೆಮನೆಯ ಕಟ್ಟೆಗೆ ಸರಿ, ಬಯಲಿಗಲ್ಲ. ಕಪ್ಪು ಪಾಲಿಶ್ ಕಲ್ಲು ಬಿಸಿಲು ಹೀರಿ ಮಧ್ಯಾಹ್ನಕ್ಕೆ ಮುಟ್ಟಲಾಗದಷ್ಟು ಕಾಯುತ್ತದೆ, ಸೂರ್ಯ ಮುಳುಗಿದ ಮೇಲೂ ಎಷ್ಟೋ ಹೊತ್ತು ಆ ಕಾವು ಬಿಡುತ್ತಿರುತ್ತದೆ. ಜನ ಕಟ್ಟೆಗೆ ಬರುವುದು ಸಂಜೆ, ಕಲ್ಲು ಕಾವು ಉಗುಳುವುದೂ ಸಂಜೆಯೇ. ನಿಮ್ಮದು ಬೇವಿನ ಮರ ಬೇರೆ. ಜೂನ್, ಜುಲೈನಲ್ಲಿ ಹಣ್ಣು ಉದುರುತ್ತವೆ. ತಿರುಳು ಅಂಟಾಗಿರುತ್ತದೆ, ಬೀಜ ಗುಂಡಗಿರುತ್ತದೆ. ಅದರ ಮೇಲೆ ಒಂದು ಹನಿ ಮಳೆ ಬಿದ್ದು ಪಾಲಿಶ್ ಕಲ್ಲಿನ ಮೇಲೆ ಯಾರಾದರೂ ಕಾಲಿಟ್ಟರೆ ಸೊಂಟ ಮುರಿಯುವುದು ಖಂಡಿತ. ಒರಟು ಮೇಲ್ಮೈಯ ತಿಳಿಬಣ್ಣದ ಕಲ್ಲಿಗೆ ಈ ಎರಡೂ ತೊಂದರೆ ಬಹಳ ಕಡಿಮೆ.

ರೇಲಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬೇಡ. ಯಾವ ಬದಿಯಿಂದ ಬೇಕಾದರೂ ಬಂದು ಕೂರಬಹುದು, ಯಾವಾಗ ಬೇಕಾದರೂ ಎದ್ದು ಹೋಗಬಹುದು ಎಂಬುದೇ ಕಟ್ಟೆಯ ಗುಣ. ಸುತ್ತ ಸ್ಟೀಲ್ ಹಾಕಿದರೆ ಒಂದೇ ಬಾಗಿಲು ಉಳಿಯುತ್ತದೆ, ದಾರಿಹೋಕ ಒಳಗೆ ಬರುವುದಿಲ್ಲ.

ಬೇರು ಕಟ್ಟೆ ಒಡೆಯಿತೇ?

ಗೌಂಡಿಗಳ ಮಾತು ಅರ್ಧ ನಿಜ. ಬೇರು ದಪ್ಪವಾದಂತೆ ಕಲ್ಲನ್ನು ತಳ್ಳುತ್ತದೆ, ಸರಿ. ಆದರೆ ಎರೆ ಭೂಮಿಯಲ್ಲಿ ಅದಕ್ಕಿಂತ ದೊಡ್ಡ ಬಲ ಮಣ್ಣಿನದೇ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ವರ್ಷಾ ವರ್ಷಾ ಏರಿ ಇಳಿಯುವ ನೆಲದ ಮೇಲೆ ಸಿಮೆಂಟಿನಲ್ಲಿ ಬಿಗಿದ ಉದ್ದನೆಯ ಗೋಡೆ ಒಡೆಯಲೇಬೇಕು. ಹಳೆಯ ಕಟ್ಟೆಯನ್ನು ಗಚ್ಚಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂಡಿಸಿ ಕಟ್ಟಿದ್ದು ಇದಕ್ಕೇ. ನೆಲ ಆಡಿದರೆ ಕಲ್ಲೂ ಸ್ವಲ್ಪ ಆಡುತ್ತದೆ, ಸಂದಿನಿಂದ ನೀರು ಹೊರಗೆ ಹೋಗುತ್ತದೆ. ನಿಮ್ಮ ಕಟ್ಟೆ ಉಬ್ಬಿದ ಎರಡು ಜಾಗ ನೋಡಿ. ಅಲ್ಲಿ ಹಿಂದೆ ಯಾರಾದರೂ ಸಿಮೆಂಟ್ ಮೆತ್ತಿ ಸಂದು ಮುಚ್ಚಿದ್ದಾರೆಯೇ, ಗುಡಿಯ ಮಾಡಿನ ನೀರು ಅಲ್ಲಿಗೇ ಬೀಳುತ್ತಿದೆಯೇ ಎಂದು ಪರೀಕ್ಷಿಸಿ. ಹೆಚ್ಚಿನ ಕಟ್ಟೆಗಳಲ್ಲಿ ಹೊಟ್ಟೆ ಬರುವುದು ಇವೆರಡರಿಂದ. ಹೊರಹೋಗಲು ದಾರಿಯಿಲ್ಲದ ನೀರು ಗೋಡೆಯನ್ನು ಹಿಂದಿನಿಂದ ತಳ್ಳುತ್ತದೆ.

ಬುಡಕ್ಕೆ ಸಿಮೆಂಟ್ ಹಾಕಿದರೆ ಮರ ಗಟ್ಟಿಯಾಗುತ್ತದೆ ಎಂಬುದು ಪೂರ್ತಿ ತಪ್ಪು. ಮರದ ಆಹಾರದ ಬೇರುಗಳು ಬಹುಪಾಲು ಮೇಲಿನ ಒಂದೂವರೆ, ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಮರದ ಹರವಿನ ಆಚೆಗೂ ಹಬ್ಬಿರುತ್ತವೆ. ಅವುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಮೇಲೆ ಮಣ್ಣು ಹೇರಿ ಗ್ರಾನೈಟ್ ಮುಚ್ಚಿದರೆ ಎರಡೂ ನಿಲ್ಲುತ್ತವೆ. ಕಾಂಡಕ್ಕೆ ತಾಗಿಸಿ ಹಾಕಿದ ಕಾಂಕ್ರೀಟ್ ಬೆಳೆಯುವ ಕರುವಿನ ಕೊರಳಿಗೆ ಬಿಗಿದ ಹಗ್ಗವಿದ್ದಂತೆ: ಇಂದು ಸಡಿಲ, ನಾಲ್ಕು ವರ್ಷಕ್ಕೆ ಕುತ್ತು. ಮಣ್ಣಿನೊಳಗೆ ಹೂತ ತೊಗಟೆ ಯಾವಾಗಲೂ ಒದ್ದೆಯಿದ್ದು ಕೊಳೆಯುತ್ತದೆ, ಶಿಲೀಂಧ್ರ ಒಳಗೆ ಇಳಿಯುತ್ತದೆ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಸಲು ಆದೇಶಿಸಿದ್ದು ಇದೇ ಕಾರಣಕ್ಕೆ. ಒಂದು ಮೀಟರ್ ಅನ್ನುವುದು ಕನಿಷ್ಠ. ನಿಮ್ಮ ಮರ ದೊಡ್ಡದು, 4ರಿಂದ 5 ಅಡಿ ಬರಿ ಮಣ್ಣು ಬಿಡಿ.

ಸುಣ್ಣ, ಕೆಮ್ಮಣ್ಣು ಬಳಿಯುವುದರಿಂದ ಮರಕ್ಕೆ ಹಾನಿಯಿಲ್ಲ. ಎಣ್ಣೆ ಬಣ್ಣ ಬೇಡ, ಮೊಳೆ ಹೊಡೆದು ದೀಪ ತೂಗುಹಾಕುವುದೂ ಬೇಡ. ಬುಡದಲ್ಲಿ ನಾಗರಕಲ್ಲು ಇದ್ದರೆ ಅವು ಇರುವಲ್ಲೇ ಇರಲಿ, ಆದರೆ ದೀಪ ಹಚ್ಚುವ ಗೂಡನ್ನು ಕಾಂಡದಿಂದ 3 ಅಡಿ ದೂರ ಮಾಡಿಕೊಡಿ. ದಿನಾ ಒಂದೇ ಜಾಗದಲ್ಲಿ ಉರಿದರೆ ತೊಗಟೆ ಸುಟ್ಟು ಅಲ್ಲಿಂದ ಟೊಳ್ಳು ಶುರುವಾಗುತ್ತದೆ.

ಪಕ್ಕದ ಊರಿನ ಬೇವಿನ ಬಗ್ಗೆ ತೀರ್ಮಾನಕ್ಕೆ ಬರುವ ಮುನ್ನ ಒಂದು ಎಚ್ಚರ. ಬೇವಿಗೆ ಫೊಮಾಪ್ಸಿಸ್ ಎಂಬ ಶಿಲೀಂಧ್ರದಿಂದ ತುದಿ ಒಣಗುವ ರೋಗವೂ ಬರುತ್ತದೆ, ಮಳೆಗಾಲದಲ್ಲಿ ಜೋರಾಗುತ್ತದೆ. ಆ ಊರಿನ ಹೊಲದ ಬದುವಿನ ಬೇವುಗಳೂ ಹಾಗೇ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ರೋಗ. ಬದುವಿನ ಮರ ಹಸಿರಾಗಿದ್ದು ಕಟ್ಟೆಯ ಮರವೊಂದೇ ಒಣಗಿದ್ದರೆ ಕಟ್ಟೆಯನ್ನೇ ಅನುಮಾನಿಸಬೇಕು. ಇನ್ನೊಂದು ಗುರುತು ಬುಡದಲ್ಲಿದೆ. ಆರೋಗ್ಯವಾದ ಮರದ ಕಾಂಡ ನೆಲದ ಹತ್ತಿರ ಅಗಲಗೊಂಡು ಬೇರಾಗಿ ಹರಡುವುದು ಕಣ್ಣಿಗೆ ಕಾಣಬೇಕು. ಕಾಂಡ ಅಗಲವಾಗದೆ ನೇರವಾಗಿ ಮಣ್ಣಿನೊಳಗೆ ಇಳಿದಿದ್ದರೆ ಮಣ್ಣು ಹೆಚ್ಚಾಗಿದೆ ಎಂದರ್ಥ. ಅವರಿಗೂ ತಿಳಿಸಿ: ಗ್ರಾನೈಟ್ ಕಿತ್ತು, ತುಂಬಿದ ಮಣ್ಣನ್ನು ಎರಡು ಮಳೆಗಾಲಗಳಲ್ಲಿ ಅರ್ಧರ್ಧ ತೆಗೆದರೆ ಮರ ಚೇತರಿಸಿಕೊಳ್ಳಬಹುದು. ಹರವಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಣಗಿದ್ದರೆ ಆಸೆ ಕಡಿಮೆ, ಆಗ ಕೆಳಗೆ ಕೂರುವವರ ತಲೆ ಮೇಲೆ ಟೊಂಗೆ ಬೀಳದಂತೆ ಮೊದಲು ನೋಡಬೇಕು.

ನಿಮ್ಮ ಮುಂದಿರುವ ದಾರಿಗಳು

ನನ್ನ ಮೊದಲ ಸಲಹೆ ಹಳೆಯ ಕಟ್ಟೆಯನ್ನೇ ರಿಪೇರಿ ಮಾಡುವುದು. ಹಳೆಯ ಪಾಯದ ಮೇಲೇ ಕಟ್ಟಿ, ಹೊಸ ಪಾಯ ತೋಡಬೇಡಿ. ಎರೆ ಮಣ್ಣಿನಲ್ಲಿ ಗೋಡೆಗೆ ಪಾಯ ಹಾಕುವ ಸರಿಯಾದ ಕ್ರಮವೆಂದರೆ ಎರೆಯನ್ನು 2 ಅಡಿ ತೆಗೆದು, ಗರಸನ್ನು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) 6 ಇಂಚಿನ ಪದರಗಳಲ್ಲಿ ನೀರು ಹಾಕಿ ದಮ್ಮಸು ಮಾಡುತ್ತ ತುಂಬುವುದು. ಆದರೆ ಮರದ ಸುತ್ತ ಜೆಸಿಬಿಯಲ್ಲಿ ಆ ಚರಂಡಿ ಹೊಡೆದರೆ ಬೇರೆಲ್ಲ ಒಂದೇ ದಿನದಲ್ಲಿ ಕಡಿದುಹೋಗುತ್ತವೆ. ಕಾಂಡದ ಅಗಲದ ಮೂರು ಪಟ್ಟು ದೂರದೊಳಗೆ ದೊಡ್ಡ ಬೇರು ಕಡಿದರೆ ಮರ ಗಾಳಿಗೆ ಬೀಳುವ ಅಪಾಯವಿದೆ, ಗದಗ ಸೀಮೆಯ ಗಾಳಿ ನಿಮಗೇ ಗೊತ್ತು.

ಉಬ್ಬಿದ ಭಾಗದ ಕಲ್ಲುಗಳಿಗೆ ಸುಣ್ಣದ ಕಡ್ಡಿಯಲ್ಲಿ ನಂಬರು ಬರೆದು, ಫೋಟೊ ತೆಗೆದು, ಬಿಚ್ಚಿ. ಹಿಂದಿನ ಮಣ್ಣನ್ನು ಒಂದು ಅಡಿ ಅಗಲಕ್ಕೆ ಕೈಯಿಂದ ತೆಗೆದು ಅಲ್ಲಿ ದಪ್ಪ ಖಡಿ ತುಂಬಿ, ಮುಂದೆ ಅದೇ ಕಲ್ಲುಗಳನ್ನು ಅದೇ ಕ್ರಮದಲ್ಲಿ ಕೂಡಿಸಿ. ಪ್ರತಿ ವರಸೆಯಲ್ಲೂ 4 ಅಡಿಗೊಂದು ಉದ್ದ ಕಲ್ಲು ಒಳಗೆ ಕಚ್ಚಿಕೊಂಡಿರಲಿ, ಅದಿಲ್ಲದ ಗೋಡೆಯೇ ಹೊಟ್ಟೆ ಬಿಡುವುದು. ಹೊರಮುಖ ಒಂದು ಅಡಿ ಎತ್ತರಕ್ಕೆ ಒಂದು ಇಂಚಿನಂತೆ ಒಳಕ್ಕೆ ವಾಲಲಿ. ಈ ದಾರಿಯ ತೊಡಕು ಎರಡು. ಒಣಗಲ್ಲು ಕಟ್ಟಬಲ್ಲ ಕೈ ಈಗ ವಿರಳ. ಮತ್ತೆ, ಸಂದಿನಲ್ಲಿ ಚೇಳು, ಹಾವು ಸೇರುತ್ತವೆ ಎಂದು ಮನೆಯವರು ಹೆದರುತ್ತಾರೆ, ಹೆದರಿಕೆ ಸುಳ್ಳಲ್ಲ. ಸಂದುಗಳಿಗೆ ಚಕ್ಕೆಗಲ್ಲು ಬಿಗಿಯಾಗಿ ಹೊಡೆದು, ಮೇಲಿನ ಎರಡು ವರಸೆಗೆ ಮಾತ್ರ ಒಂದು ಪಾಲು ಸಿಮೆಂಟ್, ಎರಡು ಪಾಲು ಸುಣ್ಣ, ಒಂಬತ್ತು ಪಾಲು ಉಸುಕಿನ ಗಾರೆಯಲ್ಲಿ ಸಂದು ತುಂಬಿಸಿ. ಕೆಳಗಿನ ವರಸೆಯಲ್ಲಿ 5 ಅಡಿಗೊಂದು 2 ಇಂಚಿನ ಪೈಪು ಹಾಕಿ ಬಾಯಿಗೆ ಜಾಳಿಗೆ ಕಟ್ಟಿ. ನೀರು ಹೋಗುತ್ತದೆ, ಹುಳ ಬರುವುದಿಲ್ಲ.

ಮೇಲ್ಮೈಗೆ ಶಹಾಬಾದ್ ಫರ್ಸಿ ಅಥವಾ ಉಳಿಯಿಂದ ಒರಟು ಮಾಡಿದ ಇಳಕಲ್ ಕಲ್ಲು, 2ರಿಂದ 3 ಇಂಚು ದಪ್ಪ. ಸಿಮೆಂಟಿನ ಮೇಲಲ್ಲ, 2 ಇಂಚು ಉಸುಕಿನ ಹಾಸಿನ ಮೇಲೆ, ನಡುವೆ ಅರ್ಧ ಇಂಚು ಸಂದು ಬಿಟ್ಟು. ಸಂದಿನಲ್ಲಿ ಉಸುಕು ತುಂಬಿದರೆ ಮಳೆನೀರು ಬೇರಿಗೆ ಇಳಿಯುತ್ತದೆ. 80 ಇಂಚಿಗೆ ಒಂದು ಇಂಚಿನಷ್ಟು ಇಳಿಜಾರು ಕೊಡಿ. ತೆಳ್ಳನೆಯ ಕಲ್ಲು ಕುಲುಕಾಡುತ್ತದೆ, ಕಳುವೂ ಆಗುತ್ತದೆ, ಅದಕ್ಕೇ ದಪ್ಪ ಹೇಳಿದ್ದು. ಅಂಚಿನ ಕಲ್ಲೊಂದನ್ನು ಮಾತ್ರ ಗಾರೆಯಲ್ಲಿ ಕೂಡಿಸಿ, ಅದರ ಮೂಲೆಯನ್ನು ಅರ್ಧ ಇಂಚು ಗುಂಡಗೆ ಮಾಡಿಸಿ. ಚೂಪು ಅಂಚಿನ ಕಟ್ಟೆಯ ಮೇಲೆ ಹೊತ್ತು ಹೋಗುವುದಿಲ್ಲ.

ಸಂಘದವರಿಗೆ ಹೊಸದಾಗಿ ಏನಾದರೂ ಕಾಣಲೇಬೇಕು ಎಂಬ ಹಂಬಲವಿದ್ದರೆ ಎರಡನೆಯ ದಾರಿ ಇದೆ: ಹಳೆಯ ಕಟ್ಟೆಯ ಆಚೆ, ಮರದ ಹರವಿನ ಅಂಚಿನಲ್ಲಿ, ಬಿಡಿ ಬಿಡಿ ಕಲ್ಲಿನ ಬೆಂಚುಗಳು. 2 ಅಡಿ ಚೌಕದ ಗುಂಡಿಗಳನ್ನು 4 ಅಡಿಗೊಂದರಂತೆ ಹಾರೆ, ಸಲಿಕೆಯಲ್ಲಿ ತೋಡಿ. 2 ಇಂಚಿಗಿಂತ ದಪ್ಪ ಬೇರು ಸಿಕ್ಕರೆ ಗುಂಡಿಯನ್ನೇ ಪಕ್ಕಕ್ಕೆ ಸರಿಸಿ. ಗರಸು ತುಂಬಿ, ದಿಂಡುಗಲ್ಲು ನಿಲ್ಲಿಸಿ, ಮೇಲೆ 4 ಇಂಚು ದಪ್ಪದ ಹಾಸುಗಲ್ಲು, ಎತ್ತರ 17 ಇಂಚು. ಬೆಂಚುಗಳನ್ನು ಸಾಲಾಗಿ ಇಡದೆ ಎರಡೆರಡನ್ನು ಮೂಲೆಯಾಗಿ ಕೂಡಿಸಿ, ಆಗ ಮುಖ ನೋಡಿ ಮಾತಾಡಬಹುದು. ಒಂದು ಬೆಂಚಿನ ಪಕ್ಕ 3 ಅಡಿಗೆ 4 ಅಡಿ ಮಟ್ಟನೆಯ ಜಾಗ ಖಾಲಿ ಬಿಡಿ, ಗಾಲಿಕುರ್ಚಿಯವರು ಗುಂಪಿನ ಹೊರಗೆ ಉಳಿಯಬಾರದು. ನೆಲ ಎರೆಯಾದ್ದರಿಂದ ಬೆಂಚುಗಳು ಒಂದೆರಡು ವರ್ಷದಲ್ಲಿ ಸ್ವಲ್ಪ ವಾಲಬಹುದು. ಬಿಡಿಯಾಗಿರುವುದರಿಂದ ಎತ್ತಿ ಸರಿಮಾಡುವುದು ಅರ್ಧ ದಿನದ ಕೆಲಸ.

ಪತ್ರಾಸಿನ ಶೆಡ್ ಬೇಡವೆಂದೇ ಹೇಳುತ್ತೇನೆ. ಕಾದ ತಗಡು ಕೆಳಗೆ ಕೂತವರ ಮೇಲೆ ಕಾವು ಸುರಿಸುತ್ತದೆ. ಗಾಳಿ ಬೀಸುತ್ತಿದ್ದರೂ ತಲೆ ಸುಡುವುದು ಅದಕ್ಕೇ. ಮರದ ಕೆಳಗೆ ಹಾಗಾಗದಿರಲು ಕಾರಣ, ಎಲೆಗಳು ನೀರಾವಿ ಬಿಡುತ್ತ ತಂಪಾಗಿಯೇ ಇರುತ್ತವೆ. ಮಳೆಗೆ ಆಸರೆ ಬೇಕೇ ಬೇಕು ಎಂದರೆ ಮರದ ಹರವಿನಿಂದ ದೂರ, ಮಂಗಳೂರು ಹೆಂಚಿನ ಸಣ್ಣ ಮಂಟಪ ಮಾಡಿ. ಪಶ್ಚಿಮದ ಬದಿಯ ಚಾಚು 7 ಅಡಿಗಿಂತ ಮೇಲೆ ಹೋಗದಿರಲಿ, ಚಾಚು 3 ಅಡಿ ಹೊರಗಿರಲಿ. ಅಂಚಿನ ಎರಡು ಸಾಲು ಹೆಂಚುಗಳನ್ನು ತಂತಿಯಿಂದ ಕಟ್ಟಿಸಿ, ಇಲ್ಲದಿದ್ದರೆ ಆಷಾಢದ ಗಾಳಿಗೆ ಹಾರುತ್ತವೆ.

ಒಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ, ನಾನೇ ಎತ್ತುತ್ತೇನೆ. ಹನುಮಪ್ಪನ ಗುಡಿಯ ಕಟ್ಟೆ ಸಾಮಾನ್ಯವಾಗಿ ಗಂಡಸರದೇ. ದೇಣಿಗೆ ಕೊಟ್ಟ ಮನೆಗಳ ಹೆಣ್ಣುಮಕ್ಕಳು ಎಲ್ಲಿ ನಿಂತು ಕಾಯುತ್ತಾರೆ ಎಂದು ಕೇಳಿ ನೋಡಿ. ಶುದ್ಧ ನೀರಿನ ಘಟಕ, ಹಿಟ್ಟಿನ ಗಿರಣಿ, ರೇಷನ್ ಅಂಗಡಿ, ಬಸ್ಸು ನಿಲ್ಲುವ ಜಾಗ ಎನ್ನುತ್ತಾರೆ, ಅಲ್ಲೆಲ್ಲ ಬಿಸಿಲಲ್ಲಿ ನಿಂತೇ ಇರುತ್ತಾರೆ. ಗ್ರಾನೈಟ್ ಮತ್ತು ರೇಲಿಂಗಿನ ದುಡ್ಡು ಉಳಿದರೆ ಅಲ್ಲಿ ಎರಡು ಬೆಂಚು ಹಾಕಿಸಿ, ಬಿಂದಿಗೆ ಇಡಲು ಪಕ್ಕದಲ್ಲಿ ಎರಡೂವರೆ ಅಡಿ ಎತ್ತರದ ಒಂದು ಕಲ್ಲು, ಹಿಂದೆ ಒಂದು ಹೊಂಗೆ ಸಸಿ. ಬಿಂದಿಗೆಯನ್ನು ನೆಲದಿಂದ ಎತ್ತುವುದಕ್ಕೂ ಸೊಂಟದ ಮಟ್ಟದಿಂದ ಎತ್ತುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ಅವರೇ ಹೇಳುತ್ತಾರೆ.

ದೀಪಕ್ಕೆ ಬಿಳಿ ಫೋಕಸ್ ಲೈಟ್ ತರಬೇಡಿ. ಕಣ್ಣಿಗೆ ಹೊಡೆಯುತ್ತದೆ, ಮಳೆಗಾಲದಲ್ಲಿ ಹುಳ ಮುತ್ತುತ್ತವೆ. 3000 ಕೆಲ್ವಿನ್‌ನ ಹಳದಿ ಎಲ್‌ಇಡಿ, 10ರಿಂದ 12 ಅಡಿಯ ಕಂಬ, ಬೆಳಕು ಕೆಳಮುಖವಾಗಿ ಮೆಟ್ಟಿಲ ಮೇಲೆ ಬೀಳಲಿ. ಎತ್ತರ ಹೆಚ್ಚಿರುವ ತುದಿಯಲ್ಲಿ ಮೆಟ್ಟಿಲು ಬೇಕು: 6 ಇಂಚು ಎತ್ತರ, ಒಂದು ಅಡಿ ಅಗಲ.

ಹೆಸರು ಕೆತ್ತಿಸುವ ಬಗ್ಗೆ ಕೇಳಿದಿರಿ. ಕೂರುವ ಕಲ್ಲಿನ ಮೇಲೆ ಬೇಡ. ತೀರಿಕೊಂಡ ಹಿರಿಯರ ಹೆಸರಿನ ಮೇಲೆ ಕೂರಲು, ಕಾಲಿಡಲು ನಮ್ಮ ಜನ ಹಿಂಜರಿಯುತ್ತಾರೆ, ಅಷ್ಟು ಜಾಗ ಖಾಲಿಯೇ ಉಳಿಯುತ್ತದೆ. ಗುಡಿ ಬದಿಗೆ ಒಂದು ಕಲ್ಲು ನಿಲ್ಲಿಸಿ ಎಲ್ಲರ ಹೆಸರೂ ಒಂದೇ ಗಾತ್ರದಲ್ಲಿ ಬರೆಸಿ.

ಕೆಲಸದ ಕಾಲವನ್ನು ಜಾತ್ರೆಯ ದಿನಾಂಕ ನೋಡಿ ನಿಶ್ಚಯಿಸಬೇಡಿ. ಕಲ್ಲು ಬಿಚ್ಚಿ ಕಟ್ಟುವುದು, ಬೆಂಚಿನ ಗುಂಡಿ ತೋಡುವುದು ಜನವರಿ, ಫೆಬ್ರುವರಿಯಲ್ಲಿ ಆಗಲಿ, ಎರೆ ಆಗ ಒಣಗಿ ಕಾಲಿಗೆ ಅಂಟುವುದಿಲ್ಲ. ಕಾಂಡದ ಸುತ್ತಲಿನ ಹೆಚ್ಚುವರಿ ಮಣ್ಣು ತೆಗೆಯುವುದನ್ನು ಮಾತ್ರ ಜೂನ್‌ನ ಮೊದಲ ಮಳೆ ಆದ ಮೇಲೆ ಕುರ್ಪಿಯಲ್ಲಿ ಮಾಡಿ. ಏಪ್ರಿಲ್, ಮೇ ಬಿಸಿಲಿಗೆ ಹೊಸದಾಗಿ ತೆರೆದ ಬೇರು ಒಣಗುತ್ತದೆ. ಟೊಂಗೆ ಕಡಿಯುವ ಪ್ರಸಂಗ ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಪಂಚಾಯಿತಿಯ ಮೂಲಕ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯನ್ನು ಮೊದಲು ಕೇಳಿ. ಮಳೆಗಾಲ ಶುರುವಾದ ಮೇಲೆ ಜೋರು ಮಳೆಯ ಮರುದಿನ ಒಮ್ಮೆ ಕಟ್ಟೆ ಸುತ್ತಿ ಬನ್ನಿ. ಕೆಳಗಿನ ಪೈಪುಗಳಿಂದ ನೀರು ಹನಿಯುತ್ತಿದ್ದರೆ ಕೆಲಸ ಸರಿಯಾಗಿದೆ. ಯಾವುದಾದರೂ ಪೈಪು ಒಣಗಿದ್ದು ಅದರ ಮೇಲಿನ ಕಲ್ಲು ಮಾತ್ರ ಒದ್ದೆಯಿದ್ದರೆ, ಆ ಬಾಯಿಗೆ ಮಣ್ಣು ಕಟ್ಟಿದೆ. ಸರಳಿನಿಂದ ಅಂದೇ ಬಿಡಿಸಿ.